ಸಿಕ್ಕಿತೋ? ಗೊತ್ತಾಯಿತೋ?

ಕಳೆದ ಸೋಮವಾರ ಸಂಜೆ ಶಾಲೆಯ ಬಸ್ಸು ಇಳಿದು ಬಂದ ಮೊಮ್ಮಗಳು, ಬ್ಯಾಗನ್ನೂ ಕೆಳಗಿಡದೆ ಇಂಗ್ಲಿಷ್ ನೋಟ್‌ಬುಕ್ಕನ್ನು ಜಗುಲಿಯ ಮೇಲೆ ನನ್ನ ಮುಂದೆ ಬಿಚ್ಚಿಟ್ಟಳು. "ತಾತ, ನೀನ್ ಹೇಳ್ದಂಗೇ ಬರ್ದೆ. ಐದಕ್ಕೆ ಎರಡೇ ಬಂದದೆ."

ಹಾಳೆಯ ತುಂಬ ಕೆಂಪು ಗೆರೆ. ನನಗೆ ಹಿಂದಿನ ದಿನದ ನೆನಪಾಯಿತು. ಭಾನುವಾರ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಅವಳು ಬಂದು, "ತಾತ, ಫೈಂಡ್ ಔಟ್ ಅಂದ್ರೆ ಏನು?" ಎಂದು ಕೇಳಿದ್ದಳು. ನಾನು ಪೇಪರಿನಿಂದ ತಲೆ ಎತ್ತದೆ, "ಕಂಡುಹಿಡಿಯೋದು ಕಣವ್ವ" ಅಂದಿದ್ದೆ. ಅಷ್ಟೇ. ಆ ಒಂದು ಮಾತನ್ನು ನಂಬಿ ಮಗು ಐದು ವಾಕ್ಯ ಮಾಡಿದೆ.

ತಪ್ಪಾಗಿದ್ದ ಮೂರು ಇವು: "ಐ ಫೌಂಡ್ ಔಟ್ ಮೈ ಪೆನ್ಸಿಲ್ ಅಂಡರ್ ದಿ ಕಾಟ್." "ಕೆಂಪೇಗೌಡ ಫೌಂಡ್ ಔಟ್ ಬೆಂಗಳೂರು ಇನ್ 1537." "ಗ್ರಹಾಂ ಬೆಲ್ ಫೌಂಡ್ ಔಟ್ ದಿ ಟೆಲಿಫೋನ್." ಕೆಳಗೆ ಟೀಚರು ಬರೆದಿದ್ದರು: ತಿದ್ದಿ ಬರೆದುಕೊಂಡು ಬರುವುದು, ಜೊತೆಗೆ ನಿಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ಇದೇ ಪದ ಬಳಸಿ ಬರೆಯುವುದು.

ನಾನು ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟವನು. ಕಪ್ಪು ಹಲಗೆಯ ಮೇಲೆ 'ಎಕ್ಸ್‌ನ ಬೆಲೆ ಕಂಡುಹಿಡಿಯಿರಿ', 'ಕೋನದ ಅಳತೆ ಕಂಡುಹಿಡಿಯಿರಿ' ಎಂದು ಎಷ್ಟು ಸಾವಿರ ಸಲ ಬರೆದಿದ್ದೇನೋ. ಹಾಗಾಗಿ ನಾಲಿಗೆಯ ತುದಿಯಲ್ಲಿದ್ದ ಪದವನ್ನೇ ಕೊಟ್ಟುಬಿಟ್ಟೆ. ಅಂಕ ಕಳೆದುಕೊಂಡವಳು ಅವಳು, ಕಳೆದದ್ದು ನಾನು. ಹಾಗಾಗಿ ಅವತ್ತು ರಾತ್ರಿ ಊಟ ಆದಮೇಲೆ ಇಬ್ಬರೂ ನಿಘಂಟು ಇಟ್ಟುಕೊಂಡು ಕೂತೆವು.

ನಿಘಂಟು ಅಂದಕೂಡಲೇ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವವರು ಒಬ್ಬರೇ. ಅವರ ಹೆಸರಿನಲ್ಲೇ ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಇದೆ. ಗಂಜಾಂ ವೆಂಕಟಸುಬ್ಬಯ್ಯನವರು, ಅಂದರೆ ಜಿ. ವೆಂಕಟಸುಬ್ಬಯ್ಯನವರು, ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಅರ್ಥ ಬಿಡಿಸಿ ಹೇಳಿದರು. 1913ರಲ್ಲಿ ಹುಟ್ಟಿ, ನೂರೇಳು ವರ್ಷ ಬಾಳಿ, 2021ರಲ್ಲಿ ತೀರಿಕೊಂಡರು. ಕೇಳಿದವರು ಯಾರೇ ಆಗಲಿ, ಪೇಪರಿನಿಂದ ತಲೆ ಎತ್ತದೆ ಉತ್ತರ ಕೊಟ್ಟವರಲ್ಲ ಅವರು.

ನಮ್ಮ 'ಕಂಡುಹಿಡಿ' ದೊಡ್ಡ ಹೊಟ್ಟೆಯ ಪದ. ಕಾಣುವುದು, ಕಂಡದ್ದನ್ನು ಹಿಡಿಯುವುದು, ಎರಡೂ ಸೇರಿದೆ. ಕಳ್ಳನನ್ನೂ ಕಂಡುಹಿಡಿಯುತ್ತೇವೆ, ಲೆಕ್ಕದ ಉತ್ತರವನ್ನೂ ಕಂಡುಹಿಡಿಯುತ್ತೇವೆ, ಹೊಸ ದ್ವೀಪವನ್ನೂ ಕಂಡುಹಿಡಿಯುತ್ತೇವೆ, ಟೆಲಿಫೋನನ್ನೂ ಕಂಡುಹಿಡಿಯುತ್ತೇವೆ. ಇಂಗ್ಲಿಷಿನವರು ಈ ಹೊಟ್ಟೆಯೊಳಗಿರುವುದನ್ನು ನಾಲ್ಕು ಡಬ್ಬಿಗೆ ಬೇರೆಬೇರೆ ಸುರಿದಿಟ್ಟಿದ್ದಾರೆ. ಇಲ್ಲದ ವಸ್ತುವನ್ನು ಹೊಸದಾಗಿ ಮಾಡಿದರೆ ಇನ್ವೆಂಟ್. ಹಾಗಾಗಿ ಬೆಲ್ ಟೆಲಿಫೋನನ್ನು ಇನ್ವೆಂಟ್ ಮಾಡಿದ. ಇದ್ದದ್ದೇ, ಆದರೆ ಜಗತ್ತಿಗೆ ಗೊತ್ತಿಲ್ಲದ್ದನ್ನು ಬೆಳಕಿಗೆ ತಂದರೆ ಡಿಸ್ಕವರ್. ಉಳಿದ ಎರಡು ಡಬ್ಬಿ ಫೈಂಡ್ ಮತ್ತು ಫೈಂಡ್ ಔಟ್. ಗೊಂದಲವೆಲ್ಲ ಈ ಎರಡರದ್ದೇ.

"ಅಷ್ಟೊಂದು ಡಬ್ಬಿ ಯಾಕೆ ತಾತ? ಒಂದೇ ಸಾಕಲ್ವಾ?"

"ನಮ್ಮನೆ ಸಾಂಬಾರ್ ಪುಡಿ, ಖಾರದ ಪುಡಿ, ಅರಿಶಿನ ಮೂರನ್ನೂ ಒಂದೇ ಡಬ್ಬಿಗೆ ಹಾಕಿದ್ರೆ ನಿಮ್ಮಜ್ಜಿ ಸುಮ್ನಿರ್ತಾಳಾ?"

ಸುಮ್ಮನಿರುವುದಿಲ್ಲ ಎಂಬುದು ಅವಳಿಗೆ ಗೊತ್ತು. ಮುಂದೆ ಹೋದೆವು.

ಹೋದ ಕಾರ್ತೀಕದಲ್ಲಿ ನಮ್ಮ ಮನೆಯ ಬನ್ನೂರು ಕುರಿ ಒಂದು ಕಾಣೆಯಾಗಿತ್ತು. ಅದನ್ನೇ ಉದಾಹರಣೆಗೆ ತೆಗೆದುಕೊಂಡೆ. ಎರಡು ದಿನ ಹುಡುಕಿದೆವು. ಹುಡುಕುವುದಕ್ಕೆ ಇಂಗ್ಲಿಷಿನಲ್ಲಿ ಲುಕ್ ಫಾರ್. (ನಮ್ಮ ಮಕ್ಕಳು ಇಲ್ಲೂ ಎಡವುತ್ತಾರೆ. ಚಪ್ಪಲಿ ಹುಡುಕುತ್ತಾ 'ಐ ಆಮ್ ಫೈಂಡಿಂಗ್ ಮೈ ಚಪ್ಪಲ್' ಅನ್ನುತ್ತಾರೆ. ಫೈಂಡ್ ಅಂದರೆ ಹುಡುಕುವುದಲ್ಲ, ಹುಡುಕಾಟ ಮುಗಿಯುವ ಗಳಿಗೆ.) ಮೂರನೆಯ ದಿನ ಬೆಳಿಗ್ಗೆ ಕುರಿ ಸಿಕ್ಕಿತು. ಇದು ಫೈಂಡ್. 'ವಿ ಫೌಂಡ್ ದಿ ಶೀಪ್.' ಎಲ್ಲಿ ಸಿಕ್ಕಿತು? ನಾಲೆಯ ಆಚೆ ಬದಿಯ ಒಂದು ಕೊಟ್ಟಿಗೆಯಲ್ಲಿ, ಹೊಸ ಹಗ್ಗ ಕಟ್ಟಿಸಿಕೊಂಡು, ಹುರುಳಿ ತಿನ್ನುತ್ತಾ ನಿಂತಿತ್ತು. ತಾನಾಗಿ ಹೋದ ಕುರಿಗೆ ಹೊಸ ಹಗ್ಗ ಎಲ್ಲಿಂದ ಬಂತು? ಯಾರೋ ಕಟ್ಟಿಹಾಕಿದ್ದಾರೆ ಎಂದು ಆಗ ಗೊತ್ತಾಯಿತು. ಇದು ಫೈಂಡ್ ಔಟ್. 'ವಿ ಫೌಂಡ್ ಔಟ್ ದಟ್ ಸಂಬಡಿ ಹ್ಯಾಡ್ ಟೈಡ್ ಇಟ್.'

ಕೈಗೆ ಬಂದದ್ದು ಕುರಿ, ತಲೆಗೆ ಬಂದದ್ದು ಸಂಗತಿ.

ಇದಕ್ಕೊಂದು ಸುಲಭದ ಉಪಾಯ ಇದೆ. ನಿಮ್ಮ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. 'ಸಿಕ್ಕಿತು' ಒಗ್ಗಿದರೆ ಬರೀ ಫೈಂಡ್. 'ಗೊತ್ತಾಯಿತು' ಒಗ್ಗಿದರೆ ಫೈಂಡ್ ಔಟ್. ಪೆನ್ಸಿಲ್ ಮಂಚದ ಕೆಳಗೆ ಸಿಕ್ಕಿತು ಅನ್ನುತ್ತೇವೆ, ಪೆನ್ಸಿಲ್ ಗೊತ್ತಾಯಿತು ಅನ್ನುವುದಿಲ್ಲ. ಆದ್ದರಿಂದ 'ಐ ಫೌಂಡ್ ಮೈ ಪೆನ್ಸಿಲ್.' ನಾಳೆ ರಜಾ ಎಂದು ಗೊತ್ತಾಯಿತು ಅನ್ನುತ್ತೇವೆ. ಅದು ಫೌಂಡ್ ಔಟ್. ಅವಳು ಈ ಉಪಾಯದಲ್ಲಿ ಹತ್ತು ವಾಕ್ಯ ಮಾಡಿದಳು, ಒಂದೂ ತಪ್ಪಲಿಲ್ಲ.

ಕೆಂಪೇಗೌಡರ ತಪ್ಪು ಬೇರೆ ಜಾತಿಯದು. ಊರು ಕಟ್ಟುವುದಕ್ಕೆ, ಸಂಸ್ಥೆ ಸ್ಥಾಪಿಸುವುದಕ್ಕೆ ಇಂಗ್ಲಿಷಿನಲ್ಲಿ 'ಫೌಂಡ್' ಎಂಬ ಇನ್ನೊಂದು ಕ್ರಿಯಾಪದವೇ ಇದೆ. ಫೌಂಡೇಶನ್ ಎಂದು ನಾವು ದಿನಾ ಹೇಳುವ ಪದ ಅದರದ್ದೇ ಬಳಗ. ನಡೆದುಹೋದದ್ದನ್ನು ಹೇಳುವಾಗ ಅದು 'ಫೌಂಡೆಡ್' ಆಗುತ್ತದೆ. ಕೆಂಪೇಗೌಡರು ಬೆಂಗಳೂರನ್ನು ಫೌಂಡೆಡ್. ಅವರು 'ಫೌಂಡ್ ಔಟ್' ಮಾಡಿದ್ದರೆ, ಬೆಂಗಳೂರು ಎಂಬುದೊಂದು ಇದೆಯೆಂದು ಅವರಿಗೆ ಯಾರೋ ಹೇಳಿ ಗೊತ್ತಾದ ಹಾಗೆ ಆಗುತ್ತಿತ್ತು.

ಅಷ್ಟರಲ್ಲಿ ಅವಳು ಗಣಿತದ ಪುಸ್ತಕ ತಂದು ನನ್ನ ಕತ್ತಿಗೇ ಕೈ ಹಾಕಿದಳು. "ಇಲ್ಲಿ ನೋಡು ತಾತ. 'ಫೈಂಡ್ ದಿ ವ್ಯಾಲ್ಯೂ ಆಫ್ ಎಕ್ಸ್' ಅಂತದೆ. ಎಕ್ಸ್ ಏನು ಕುರಿನಾ? ಅದು ಗೊತ್ತಾಗೋದು ತಾನೆ? ಔಟ್ ಎಲ್ಲಿ?"

ಒಳ್ಳೆಯ ಪ್ರಶ್ನೆ. ಗಣಿತದವರು ಉತ್ತರವನ್ನು ಲೆಕ್ಕದೊಳಗೆ ಎಲ್ಲೋ ಬಚ್ಚಿಟ್ಟ ವಸ್ತುವಿನಂತೆ ಕಾಣುತ್ತಾರೆ, ಹುಡುಕಿ ತೆಗೆಯಿರಿ ಅನ್ನುತ್ತಾರೆ. ಅಲ್ಲಿ ಬರೀ ಫೈಂಡ್ ರೂಢಿ. ರೂಢಿಯ ಮುಂದೆ ಉಪಾಯ ನಡೆಯುವುದಿಲ್ಲ. ನನ್ನ ವೃತ್ತಿಯೇ ನನಗೆ ಎದುರು ಸಾಕ್ಷಿ ಹೇಳಿತಲ್ಲ ಎಂದು ನಗು ಬಂತು.

ಫೈಂಡ್ ಮತ್ತು ಫೈಂಡ್ ಔಟ್ ನಡುವೆ ಎಷ್ಟು ದೂರ ಇರಬಹುದು? ಕೆಲವೊಮ್ಮೆ ಒಂದು ಗಳಿಗೆ, ಕೆಲವೊಮ್ಮೆ ಹತ್ತು ವರ್ಷ. ಶ್ರೀರಂಗಪಟ್ಟಣದ ಮಕ್ಕಳಿಗೆ ಟಿಪ್ಪುವಿನ ರಾಕೆಟ್ಟುಗಳ ಕಥೆ ಬಾಯಿಪಾಠ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ 2002ರಲ್ಲಿ ಒಂದು ಹಾಳುಬಾವಿಯಿಂದ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಸಿಕ್ಕವು, ಅಷ್ಟೇ. ಅವು ಟಿಪ್ಪು ಕಾಲದ ರಾಕೆಟ್ಟುಗಳು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಮೇಲೆ 2018ರಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿ ಬಾವಿಯ ಮಣ್ಣು ತೆಗೆಸಿದಾಗ ಸಾವಿರಕ್ಕೂ ಹೆಚ್ಚು ಸಿಕ್ಕವು. ಕೈಯಲ್ಲಿ ಇದ್ದೂ ಗೊತ್ತಿಲ್ಲದ ಆ ನಡುವಿನ ವರ್ಷಗಳೇ ಫೈಂಡ್‌ಗೂ ಫೈಂಡ್ ಔಟ್‌ಗೂ ಇರುವ ದೂರ.

ಇನ್ನೊಂದು ಕಥೆ ಮೈಸೂರಿನದು. ತಾತಂದಿರಿಗೆ ಗೊತ್ತಿರುತ್ತದೆ, ಮಕ್ಕಳಿಗೆ ಹೇಳಬೇಕು. ನಮ್ಮ ಕಾವೇರಿಯ ಮೇಲಿನ ದಂಡೆಯಲ್ಲಿ ರುದ್ರಪಟ್ಟಣ ಎಂಬ ಊರಿದೆ. ಆ ಊರಿನ ಶಾಮಶಾಸ್ತ್ರಿಗಳು ನೂರಿಪ್ಪತ್ತು ವರ್ಷದ ಹಿಂದೆ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದರು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಓಲೆಗರಿಯ ಒಂದು ಕಟ್ಟನ್ನು ತಂದು ಲೈಬ್ರರಿಗೆ ಕೊಟ್ಟರು. ಭಾಷೆ ಸಂಸ್ಕೃತ, ಲಿಪಿ ಗ್ರಂಥ. ಅಂಥ ಕಟ್ಟುಗಳು ಆ ಲೈಬ್ರರಿಯ ಕಪಾಟುಗಳಲ್ಲಿ ಬೇಕಾದಷ್ಟು ಇದ್ದವು. ಇದನ್ನೂ ಬಟ್ಟೆ ಸುತ್ತಿ ಅವುಗಳ ಪಕ್ಕ ಇಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶಾಸ್ತ್ರಿಗಳು ಕೂತು ಒಂದೊಂದೇ ಗರಿ ಓದಿದರು. ಓದುತ್ತಾ ಓದುತ್ತಾ, ಇದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗೊತ್ತುಮಾಡಿಕೊಂಡರು. ಹಳೆಯ ಕವಿಗಳು ಹೆಸರು ಹೇಳುತ್ತಿದ್ದ, ಆದರೆ ಪೂರ್ತಿ ಪುಸ್ತಕವನ್ನು ಆ ಕಾಲದ ವಿದ್ವಾಂಸರು ಕಂಡಿರದ ಗ್ರಂಥ ಅದು. 1905ರಿಂದ ಅದರ ಸುದ್ದಿ ಹೊರಗೆ ಬಂತು, 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು.

ಇಲ್ಲಿ ಕಟ್ಟು ಸಿಕ್ಕಿದ್ದು ಪಂಡಿತರ ದಯೆಯಿಂದ. ಅದು ಏನೆಂದು ಗೊತ್ತಾದದ್ದು ಶಾಸ್ತ್ರಿಗಳ ಕಣ್ಣಿನಿಂದ. ಇಂಥ ದೊಡ್ಡ ಸಂಗತಿಗೆ ಇಂಗ್ಲಿಷಿನವರು ಸಾಮಾನ್ಯವಾಗಿ ಡಿಸ್ಕವರ್ ಅನ್ನುತ್ತಾರೆ. ಅದು ಜರಿ ಪಂಚೆ, ಶಲ್ಯ ಹೊದ್ದ ಪದ. ಫೈಂಡ್ ಔಟ್ ಮನೆಯಲ್ಲಿ ಉಡುವ ಬಟ್ಟೆ. ಬಸ್ಸು ಎಷ್ಟು ಗಂಟೆಗೆ, ನಾಳೆ ಕರೆಂಟ್ ಇರುತ್ತದೋ ಇಲ್ಲವೋ, ಪರೀಕ್ಷೆ ಯಾವಾಗ, ಟೊಮೆಟೊ ರೇಟು ಎಷ್ಟು, ಇವಕ್ಕೆಲ್ಲ ಫೈಂಡ್ ಔಟ್. ಅದರ ಹಿಂದೆ ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂಬ ಪ್ರಶ್ನೆಗಳು ಬಾಲದಂತೆ ಬರುತ್ತವೆ: ಫೈಂಡ್ ಔಟ್ ಹೂ, ಫೈಂಡ್ ಔಟ್ ವೇರ್, ಫೈಂಡ್ ಔಟ್ ವೈ. ಎಕ್ಸ್‌ಗೆ ಈ ಬಾಲ ಇರಲಿಲ್ಲ ನೋಡಿ.

ಔಟ್ ಎಂಬ ಸಣ್ಣ ಪದಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬಂತು ಎಂದು ಅನ್ನಿಸಬಹುದು. ನಮ್ಮಲ್ಲೂ ಹೀಗೇ ಇದೆ. 'ತಿಂದ' ಬೇರೆ, 'ತಿಂದುಬಿಟ್ಟ' ಬೇರೆ, 'ತಿಂದುಹಾಕಿದ' ಇನ್ನೂ ಬೇರೆ. 'ಹೇಳು' ಬೇರೆ, 'ಹೇಳಿಕೊ' ಬೇರೆ. ಬಾಲ ಚಿಕ್ಕದು, ಅರ್ಥ ತಿರುಗಿಸುವುದು ಅದೇ. ಒಳಗಿದ್ದದ್ದು ಹೊರಗೆ ಬರುವುದು ಔಟ್. ಗುಟ್ಟು 'ಹೊರಬಿತ್ತು' ಎಂದು ನಾವೂ ಹೇಳುತ್ತೇವಲ್ಲ.

ಒಂದು ಕಡೆ ಮಾತ್ರ ಕನ್ನಡ ಇಂಗ್ಲಿಷಿಗಿಂತ ನಾಜೂಕು. ಇದು ನನ್ನ ಅಭಿಪ್ರಾಯ, ಇಂಗ್ಲಿಷ್ ಮೇಷ್ಟ್ರುಗಳು ಬೇಕಾದರೆ ಜಗಳಕ್ಕೆ ಬರಲಿ. 'ನನಗೆ ಗೊತ್ತಾಯಿತು' ಅನ್ನುವಾಗ ನಾನು ಏನೂ ಮಾಡಿಲ್ಲ, ಸಂಗತಿಯೇ ನಡೆದು ನನ್ನ ಹತ್ತಿರ ಬಂದಿದೆ. ನಾನೇ ಹೋಗಿ ವಿಚಾರಿಸಿದ್ದರೆ 'ಗೊತ್ತುಮಾಡಿಕೊಂಡೆ' ಅನ್ನುತ್ತೇನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ, 'ಐ ಫೌಂಡ್ ಔಟ್'. ಸುಮ್ಮನೆ ಕೂತವನನ್ನೂ ಪತ್ತೇದಾರನ ಹಾಗೆ ಮುಂದೆ ನಿಲ್ಲಿಸುತ್ತದೆ. ನಮ್ಮ ಕಾಲದಲ್ಲಿ ಪತ್ರಗಳಲ್ಲಿ 'ಐ ಕೇಮ್ ಟು ನೋ ಫ್ರಮ್ ಯುವರ್ ಲೆಟರ್' ಎಂದು ಬರೆಯುತ್ತಿದ್ದೆವು. ಅದರೊಳಗೆ ನಮ್ಮ 'ತಿಳಿದುಬಂತು' ಅಡಗಿ ಕೂತಿತ್ತು ಎಂದು ಈಗ ಅನ್ನಿಸುತ್ತದೆ.

"ಇನ್ನೊಂದು ಅರ್ಥ ಅದೆ ಇಲ್ಲಿ" ಎಂದು ಅವಳು ನಿಘಂಟಿನ ಮೇಲೆ ಬೆರಳಿಟ್ಟಳು. 'ಬೀ ಫೌಂಡ್ ಔಟ್.' ಸಿಕ್ಕಿಬೀಳುವುದು. ಮುಚ್ಚಿಟ್ಟದ್ದು ಬಯಲಾಗುವುದು. "ನೀನ್ ಯಾವತ್ತಾದ್ರೂ ಸಿಕ್ಕಾಕ್ಕೊಂಡಿದ್ದೀಯಾ ತಾತ?"

ಮನೆಯಲ್ಲೇ ನಡೆದದ್ದು ಒಂದು ಬೇಕಲ್ಲ, ಹೇಳಿದೆ.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಕಿರುಪರೀಕ್ಷೆಯಲ್ಲಿ ಪಕ್ಕದವನ ಸ್ಲೇಟು ನೋಡಿ ಲೆಕ್ಕ ಬರೆದೆ. ಮೇಷ್ಟ್ರು ನೋಡಿದರು. ಒಂದು ಚೀಟಿ ಬರೆದು ಮಡಿಸಿ ಕೊಟ್ಟು, ಮನೆಯಲ್ಲಿ ತೋರಿಸಿ ರುಜು ಹಾಕಿಸಿಕೊಂಡು ಬಾ ಎಂದರು. ಅಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಗಾಡಿಯಲ್ಲಿ ಕಬ್ಬು ಹೊಡೆದುಕೊಂಡು ಹೋಗಿದ್ದರು. ಹೋದರೆ ಎರಡು ಮೂರು ದಿನ ಬರುತ್ತಿರಲಿಲ್ಲ. ಮನೆಯಲ್ಲಿದ್ದದ್ದು ಅವ್ವ.

ನಮ್ಮ ಅವ್ವ ಮೂರನೇ ಕ್ಲಾಸಿನವರೆಗೆ ಓದಿದವಳು ಎಂದು ನಾವೆಲ್ಲ ನಂಬಿದ್ದೆವು. ಅವಳೇ ಹಾಗೆ ಹೇಳಿದ್ದಳು. ದೊಡ್ಡಪ್ಪನ ಮನೆಯಿಂದ ಹಳೆಯ ವಾರಪತ್ರಿಕೆಗಳು ಬರುತ್ತಿದ್ದವು. ಅವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ಮಗುಚಿ, ಒಂದು ಚಿತ್ರದ ಹತ್ತಿರ ನಿಲ್ಲಿಸಿ, "ಇದನ್ನ ಓದು ಮಗ, ನನ್ ಕಣ್ಣು ಮಂಜು" ಎಂದು ನನ್ನ ಕೈಗೆ ಕೊಡುತ್ತಿದ್ದಳು. ನಾನು ಗಟ್ಟಿಯಾಗಿ ಓದುತ್ತಿದ್ದೆ.

ಆ ಸಂಜೆ ಕಾಲು ನಡುಗುತ್ತಾ ಚೀಟಿ ಕೊಟ್ಟೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಕಣ್ಣು ಮುಚ್ಚಿಕೊಂಡು ಏಟಿಗೆ ಕಾದೆ.

"ಮೇಷ್ಟ್ರ ಅಕ್ಸರ ಎಷ್ಟ್ ದುಂಡಗದೆ" ಎಂದಳು ಅವ್ವ. "ಒಳ್ಳೇದೇ ಬರ್ದವ್ರೆ ಕಣೋ. ಇಂಗೇ ಓದ್ಕೊಂಡ್ ಹೋಗು. ರುಜು ನಿಮ್ಮಪ್ಪ ಬಂದ್ಮೇಲೆ ಹಾಕ್ಸ್ಕೊ." ಒಳಗೆ ಹೋಗಿ ಬೆಲ್ಲದ ಒಂದು ಅಚ್ಚು ತಂದು ಅರ್ಧ ಮುರಿದು ಕೈಗಿಟ್ಟಳು.

ಸಿಕ್ಕಿಬೀಳಬೇಕಾಗಿದ್ದವನು ನಾನು. ಆ ಬೆಲ್ಲ ಕೈಯಲ್ಲೇ ಕರಗಿತು, ಬಾಯಿಗೆ ಹಾಕಲಾಗಲಿಲ್ಲ.

ಮಾರನೆಯ ದಿನ ಮೇಷ್ಟ್ರು ಚೀಟಿ ಕೇಳಿದರು. ನಿಜ ಹೇಳಿದರೆ ಅವ್ವನ ಗುಟ್ಟು ಊರಿಗೆಲ್ಲ ಗೊತ್ತಾಗುತ್ತದೆ. ಅಪ್ಪನಿಗೆ ತೋರಿಸಿದರೂ ಅದೇ ಕಥೆ, ಮೊದಲು ನಿಮ್ಮವ್ವನಿಗೆ ಯಾಕೆ ತೋರಿಸಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ನಾಲೆಗೆ ಬಿತ್ತು ಸಾರ್ ಎಂದೆ. ನಕಲು ಮಾಡಿದ್ದಕ್ಕೆ ಎರಡು, ಚೀಟಿ ಕಳೆದದ್ದಕ್ಕೆ ಎರಡು, ಒಟ್ಟು ನಾಲ್ಕು ಏಟು ಬಿದ್ದವು. ಚೀಟಿ ನಿಜವಾಗಿಯೂ ನಾಲೆಯಲ್ಲೇ ಇತ್ತು. ಶಾಲೆಗೆ ಹೋಗುವಾಗ ನಾನೇ ಬಿಟ್ಟಿದ್ದೆ.

ಆಮೇಲೂ ವಾರಪತ್ರಿಕೆ ಬರುತ್ತಲೇ ಇತ್ತು. ಅವ್ವ ಹಾಳೆ ಮಗುಚುತ್ತಿದ್ದಳು, ಕಣ್ಣು ಮಂಜು ಅನ್ನುತ್ತಿದ್ದಳು, ನಾನು ಹೂಂ ಎಂದು ಓದುತ್ತಿದ್ದೆ. ನಾನು ಮೇಷ್ಟ್ರಾದೆ, ಊರೂರು ವರ್ಗವಾದೆ, ರಜಕ್ಕೆ ಬಂದಾಗ ಓದುತ್ತಿದ್ದೆ. ಒಂದು ಸಲ ಅವ್ವನಿಗೆ ಅಕ್ಷರ ಕಲಿಸಿಬಿಡೋಣ ಎಂದು ಬಾಯಿಯವರೆಗೂ ಬಂದಿತ್ತು. ಕಲಿಸುತ್ತೇನೆ ಎಂದರೆ ನನಗೆ ಗೊತ್ತು ಎಂದು ಹೇಳಿದ ಹಾಗಾಗುತ್ತಿತ್ತು. ಹೇಳಲಿಲ್ಲ. ಅದು ಸರಿಯೋ ತಪ್ಪೋ, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವ ಕೆಲಸವೇ ಮಾಡಿದವನಿಗೆ ಈಗಲೂ ಒಂದೊಂದು ರಾತ್ರಿ ಇದು ಚುಚ್ಚುತ್ತದೆ.

ಮೊಮ್ಮಗಳು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚುತ್ತಾ ಕೂತಳು. ಆಮೇಲೆ, "ತಾತ, ನಿಂಗೆ ಗೊತ್ತು ಅಂತ ಮುತ್ತಜ್ಜಿಗೆ ಗೊತ್ತಿತ್ತಾ?" ಎಂದಳು.

"ಅದು ನಂಗೆ ಕೊನೇವರ್ಗೂ ಗೊತ್ತಾಗ್ಲಿಲ್ಲ ಕಣವ್ವ."

"ಇಂಗ್ಲಿಷಲ್ಲಿ ಹೇಳು."

"ಐ ನೆವರ್ ಫೌಂಡ್ ಔಟ್."

"ಇದನ್ನೇ ಬರೀಲಾ?"

ಟೀಚರು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸುತ್ತಾರೆ ಎಂದು ಅವಳೇ ಹೇಳಿದ್ದಳು. ಬೇಡ, ಕುರಿಯದ್ದು ಬರಿ ಎಂದೆ. ಅವಳಿಗೂ ಅದೇ ಸರಿ ಅನ್ನಿಸಿರಬೇಕು, ಮರುಮಾತಾಡದೆ ಬರೆದಳು. ಇವತ್ತು ನಾನೇ ಇದನ್ನು ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಯಾಕೆ ಎಂದು ಅವಳು ಕೇಳಿದಳು. ಅವ್ವ ಹೋಗಿ ಇಪ್ಪತ್ತಾರು ವರ್ಷವಾಯಿತು. ಇನ್ನು ಅವಳನ್ನು ಯಾರೂ ಸಿಕ್ಕಿಸಲಾರರು ಎಂದೆ.

ಬುಧವಾರ ನೋಟ್‌ಬುಕ್ ಬಂತು. ಮೂರು ವಾಕ್ಯಕ್ಕೂ ಸರಿ ಗುರುತು. ಕುರಿಯ ವಾಕ್ಯಕ್ಕೂ ಸರಿ ಗುರುತು, ಅದರ ಪಕ್ಕದಲ್ಲಿ ಟೀಚರ ಕೆಂಪು ಅಕ್ಷರ: 'ಡಿಡ್ ಯು ಫೈಂಡ್ ಔಟ್ ಹೂ ಟೈಡ್ ಇಟ್?' ಕಟ್ಟಿದ್ದು ಯಾರೆಂದು ಗೊತ್ತಾಯಿತಾ?

ಗೊತ್ತಾಯಿತು. ಆದರೆ ಇಲ್ಲಿ ಬರೆಯುವ ಹಾಗಿಲ್ಲ. ಆ ಮನೆಯವರೂ ಈ ಪತ್ರಿಕೆ ತರಿಸುತ್ತಾರೆ.